ನಟ್ಟಿನ ಮೇಲಿನ ಕೆಂಪು ಗೀಟು

ಅವರ ಬಲಗೈ ತೋರುಬೆರಳಿನ ಪಕ್ಕಕ್ಕೆ ಯಾವಾಗಲೂ ಕೆಂಪು ಉಗುರುಬಣ್ಣ ಮೆತ್ತಿಕೊಂಡಿರುತ್ತಿತ್ತು. ಅರವತ್ತೈದು ದಾಟಿದ ಗಂಡಸು, ಪೂರಾ ಬಿಳಿ ಮೀಸೆ, ಗ್ರೀಸಿನ ಕರೆ ಹಿಡಿದ ಖಾಕಿ ಅಂಗಿ. ಅದರ ಜೇಬಿನಲ್ಲಿ ಪೆನ್ನು ಇರಬೇಕಾದ ಜಾಗದಲ್ಲಿ ಉಗುರುಬಣ್ಣದ ಪುಟ್ಟ ಬಾಟಲಿ. ನಮ್ಮ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದವರು ಮೊದಲ ವಾರ ಅವರನ್ನು ನೋಡಿ ಮುಸಿಮುಸಿ ನಗುತ್ತಿದ್ದರು. ಎರಡನೆಯ ವಾರಕ್ಕೆ ಕೆಟ್ಟ ಮಿಕ್ಸಿ ಹಿಡಿದುಕೊಂಡು ಅವರ ಬಾಗಿಲಲ್ಲೇ ನಿಂತಿರುತ್ತಿದ್ದರು.

ಕೊಳ್ಳೇಗಾಲದ ರೇಷ್ಮೆ ಮಗ್ಗಗಳಿಗೆ ಮೂವತ್ತು ವರ್ಷ ಫಿಟ್ಟರ್ ಆಗಿದ್ದವರು. ಬೀದಿಗೆಲ್ಲ ಫಿಟ್ಟರು, ನನಗೆ ಫಿಟ್ಟರ್ ಮಾವ. ನೆಂಟಸ್ತಿಕೆ ಏನೂ ಇಲ್ಲ. ಎದುರುಮನೆಯವರು, ನಮ್ಮಪ್ಪನ ಗೆಳೆಯರು. ಅಪ್ಪ ಹೋದ ಮೇಲೂ ದಿನಕ್ಕೊಮ್ಮೆ ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ. ಬಂದವರು ಕೂರುತ್ತಿರಲಿಲ್ಲ. ಕಾಫಿ ಆಗುವಷ್ಟರಲ್ಲಿ ಗೇಟಿನ ಕೀಲು ಅಲ್ಲಾಡಿಸಿ, ಕಿಟಕಿಯ ಚಿಲಕ ಎಳೆದು, ಗ್ಯಾಸಿನ ಪೈಪು ಮುಟ್ಟಿ ನೋಡಿ ಆಗಿರುತ್ತಿತ್ತು. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಯಳಂದೂರಿಗೆ ಹೊರಟ ಬಸ್ಸಿನ ಚಕ್ರದ ಪಕ್ಕ ಬಗ್ಗಿ ಕೂತುಬಿಟ್ಟರು. ಡ್ರೈವರ್ ಹಾರನ್ ಹೊಡೆದ, ಬೈದ. ಇವರು ಏಳಲಿಲ್ಲ. “ಸಾ, ಬೈಯ್ರಿ, ಪರವಾಗಿಲ್ಲ. ಒಂದ್ ನಟ್ಟು ಸಡ್ಲಾಗದ, ಅದ ಬಿಗಿ ಮಾಡಿಸ್ಕಂಡು ಓಗ್ರಿ” ಎಂದರು. ಜೊತೆಯಲ್ಲಿದ್ದ ನನಗೆ ನಾಚಿಕೆಯಾಗಿ ಮುಖ ಆ ಕಡೆ ತಿರುಗಿಸಿಕೊಂಡೆ. ನಟ್ಟು ನಿಜವಾಗಿಯೂ ಸಡಿಲವಾಗಿತ್ತು.

ನಾನು ಮುಳ್ಳೂರಿನ ಗ್ರಂಥಾಲಯ ನೋಡಿಕೊಳ್ಳುವವಳು. ನನ್ನ ಬಾಗಿಲು ತೆಗೆಯುವ ಹೊತ್ತಿಗೂ ಬಸ್ಸಿನ ಹೊತ್ತಿಗೂ ಎಂದೂ ತಾಳೆ ಬಿದ್ದದ್ದಿಲ್ಲ. ಆದ್ದರಿಂದ ಸೈಕಲ್. ನಲವತ್ತು ದಾಟಿದ ಮೇಲೆ ಬಲಮಂಡಿ ಮುಷ್ಕರ ಹೂಡಿತು. ಡಾಕ್ಟರು ಸೈಕಲ್ ಬಿಡಿ ಎಂದರು. ನಾನು ಸೈಕಲ್ ಬಿಡುವ ಬದಲು ಡಾಕ್ಟರನ್ನು ಬಿಟ್ಟೆ. ಫೋನಿನಲ್ಲಿ ಹುಡುಕಿ, ಹಿಂಚಕ್ರದ ನಡುವೆ ಬ್ಯಾಟರಿ ಮೋಟಾರು ಕೂಡಿಸಿದ ಒಂದು ಕಿಟ್ ತರಿಸಿದೆ. ಪೆಟ್ಟಿಗೆ ಬಂದ ದಿನ ಅದನ್ನು ಬಿಚ್ಚಿದವಳು ನಾನಲ್ಲ, ಫಿಟ್ಟರ್ ಮಾವ.

ಅರ್ಧ ದಿನ ಅವರು ಅದನ್ನು ಬರೀ ತಿರುಗಿಸಿ ತಿರುಗಿಸಿ ನೋಡಿದರು. ನನಗೋ ಅವಸರ. “ಸಾಮಾನ್ಯ ಚಕ್ರದ ಹಾಗೆ ಹಾಕಿ ನಟ್ಟು ಬಿಗಿ ಮಾಡಿದರೆ ಆಯಿತಲ್ಲ ಮಾವ” ಎಂದೆ.

“ನೀನು ಕೆಸರಲ್ಲಿ ನಿಂತ್ಕಂಡು ಗಾಡಿ ತಳ್ಳಿದ್ದಯಾ?” ಎಂದರು. “ಗಾಡಿ ಮುಂದ್ಕೋಗಲ್ಲ, ನಿನ್ ಕಾಲು ಇಂದ್ಕೆ ಜಾರ್ತದ. ಈ ಮೋಟ್ರೂ ಅಂಗೇ ಕಣವ್ವಾ. ಚಕ್ರನ ಮುಂದ್ಕೆ ನೂಕ್ಬೇಕಂದ್ರೆ ಅದ್ಕೆ ಕಾಲೂರಕ್ಕೆ ಜಾಗ ಬೇಕು. ಅದ್ರ ಕಾಲೇ ಚಕ್ರದ್ ನಡ್ವೆ ಇರೋ ಈ ಅಚ್ಚು. ಅಚ್ಚು ಜಾರ್ತೋ, ಚಕ್ರ ನಿಂತು ಅಚ್ಚೇ ತಿರುಗ್ತದ, ವೈರ್ ಹುರಿ ಹೊಸ್ದಂಗೆ ಹೊಸ್ಕಂಡು ಕಿತ್ತೋಗ್ತದ, ಚಕ್ರ ಕಿತ್ಕಂಡು ಆಚ್ಗೆ ಬತ್ತದ. ತಿರುಗೋದು ತಿರುಗ್ಬೇಕು, ನಿಲ್ಲೋದು ನಿಲ್ಲಬೇಕು.”

ಹಳೆಯ ಮಗ್ಗದ ಉಕ್ಕಿನ ಪಟ್ಟಿಯೊಂದನ್ನು ಗೇಣುದ್ದ ಕತ್ತರಿಸಿದರು. ಅಚ್ಚಿನ ತುದಿ ಎರಡು ಪಕ್ಕಕ್ಕೆ ಚಪ್ಪಟೆಯಾಗಿರುತ್ತದೆ. ಪಟ್ಟಿಯಲ್ಲಿ ಅದೇ ಆಕಾರದ ತೂತು ಕೊರೆದು, ಅರದಿಂದ ಉಜ್ಜಿ ಉಜ್ಜಿ, ಕೂದಲೆಳೆಯಷ್ಟೂ ಆಟವಿಲ್ಲದಂತೆ ಅಚ್ಚಿಗೆ ತೊಡಿಸಿದರು. ಇನ್ನೊಂದು ತುದಿಯನ್ನು ಸೈಕಲ್ಲಿನ ಫ್ರೇಮಿಗೆ ಸಣ್ಣ ಬೋಲ್ಟು ಹಾಕಿ ಕಟ್ಟಿದರು. ಅಚ್ಚು ತಿರುಗಬೇಕೆಂದರೆ ಇಡೀ ಸೈಕಲ್ಲೇ ತಿರುಗಬೇಕು. ಕೊನೆಗೆ ದೊಡ್ಡ ನಟ್ಟು ಬಿಗಿದು, ಜೇಬಿನ ಬಾಟಲಿ ತೆಗೆದು, ನಟ್ಟಿನಿಂದ ಫ್ರೇಮಿನವರೆಗೆ ಕೆಂಪು ಗೀಟು ಎಳೆದರು. ಸಣ್ಣ ಬೋಲ್ಟಿಗೂ ಒಂದು ಗೀಟು. ನಟ್ಟು ಒಂದು ಎಳ್ಳಿನಷ್ಟು ತಿರುಗಿದರೂ ಗೀಟು ಮುರಿದು ಕಾಣುತ್ತದೆ. ಮಗ್ಗದ ಕಾಲದಿಂದ ಅವರದು ಅದೇ ಪದ್ಧತಿಯಂತೆ. ಬಣ್ಣ ಮಾತ್ರ ಅವರ ಹೆಂಡತಿಯ, ಎಂದರೆ ನನ್ನ ಪಾಲಿನ ಅತ್ತೆಯ, ಪೆಟ್ಟಿಗೆಯಿಂದ ಬರುತ್ತಿತ್ತು.

ಷರತ್ತು ಎರಡು. ಆ ಚಕ್ರವನ್ನು ಅವರಲ್ಲದೆ ಬೇರೆ ಯಾರೂ ಬಿಚ್ಚಬಾರದು. ಮತ್ತು ಭಾನುವಾರ ಬೆಳಿಗ್ಗೆ ಸೈಕಲ್ ಅವರದು. ಗೀಟು ನೋಡಿ, ಹನೂರು ರಸ್ತೆಯಲ್ಲಿ ಒಂದು ಸುತ್ತು ಹೊಡೆದು ತಂದು ನಿಲ್ಲಿಸುತ್ತಿದ್ದರು. ನನ್ನ ಸೈಕಲ್ ನೋಡಿ ಇನ್ನೂ ಐದು ಜನ ತಂದು ಮಾಡಿಸಿಕೊಂಡರು. ಅವರಲ್ಲಿ ಮಾರ್ಟಳ್ಳಿಯ ಟೈಲರ್ ಒಬ್ಬರು, ಚಿಕ್ಕಂದಿನಿಂದ ಒಂದು ಕಾಲು ಸಣ್ಣಗಿರುವವರು.

ಒಂದು ಶುಕ್ರವಾರ ಮುಳ್ಳೂರಿನ ದಾರಿಯಲ್ಲಿ ಹಿಂಚಕ್ರ ಪಂಕ್ಚರ್ ಆಯಿತು. ಗ್ರಂಥಾಲಯದ ಬಾಗಿಲಲ್ಲಿ ಮಕ್ಕಳು ಕಾಯುತ್ತಿದ್ದರು. ಮಾವನಿಗೆ ಫೋನ್ ಮಾಡಿದರೆ ಅವರು ಬಂದು ಮುಗಿಸುವಷ್ಟರಲ್ಲಿ ಮಧ್ಯಾಹ್ನ. ರಸ್ತೆಬದಿಯ ಪಂಕ್ಚರ್ ಅಂಗಡಿಯವರಿಂದ ಚಕ್ರ ಬಿಚ್ಚಿಸಿದೆ. “ಈ ನಟ್ಟಿಗೆ ಸರ್ಯಾದ್ ಸ್ಪ್ಯಾನರ್ ನಂತಾವಿಲ್ಲ ಮೇಡಂ” ಎಂದು ಅವರು ನಿಯತ್ತಾಗಿ ಹೇಳಿದರು. ನಾನೇ “ಆದಷ್ಟು ಬಿಗಿ ಮಾಡಿ, ಸಾಕು ಬಿಡಿ” ಎಂದೆ. ಪಟ್ಟಿಯ ಸಣ್ಣ ಬೋಲ್ಟು ಹುಲ್ಲಿನೊಳಗೆ ಬಿದ್ದು ಹೋಯಿತು. ಹುಡುಕಲು ಬಿಡಲಿಲ್ಲ ನಾನು.

ಸಂಜೆ ನಿಧಾನವಾಗಿ ಮನೆಗೆ ಬಂದು ನೋಡಿದರೆ ಗೀಟಿನ ಅರ್ಧ ಒಂದು ಕಡೆ, ಅರ್ಧ ಇನ್ನೊಂದು ಕಡೆ. ಎದುರುಮನೆಗೆ ಹೋಗಿ ಹೇಳಲು ಇಪ್ಪತ್ತು ಹೆಜ್ಜೆ ಸಾಕಿತ್ತು. ಆದರೆ ಅವರ ಬೈಗುಳ ನೆನೆದೆ. ಮಾತು ಮೀರಿದರೆ ಮೋಟಾರು ಕಿತ್ತಿಡುತ್ತೇನೆ ಎಂದು ಹೇಳಿದ್ದೂ ನೆನಪಾಯಿತು. ಶನಿವಾರ ಫ್ಯಾನ್ಸಿ ಸ್ಟೋರಿಗೆ ಹೋಗಿ ಅದೇ ಕೆಂಪು ಹುಡುಕಿ ತಂದೆ. ಹಳೆಯ ಗೀಟು ಒರೆಸಿ ಹೊಸದು ಎಳೆದೆ. ಹಳೆಯ ಫ್ಯಾನಿನ ಬಿಡಿಭಾಗಗಳ ಡಬ್ಬಿಯಲ್ಲಿ ಬಿದ್ದಿದ್ದ ಬೋಲ್ಟೊಂದನ್ನು ಪಟ್ಟಿಗೆ ತುರುಕಿ ಅದಕ್ಕೂ ಗೀಟು ಎಳೆದೆ. ತಲೆ ಅದೇ ಅಳತೆಯದು, ಮೈ ತೆಳು. ಬರುವ ವಾರ ಹೇಗಾದರೂ ಹೇಳಿ ಸರಿಮಾಡಿಸಿಕೊಳ್ಳುತ್ತೇನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಭಾನುವಾರ ಬಂದರು. ಕನ್ನಡಕ ಹಾಕಿಕೊಂಡು ಬಗ್ಗಿದರು. ನಾನು ಕಾಫಿ ಲೋಟ ಹಿಡಿದು ನಿಂತಿದ್ದೆ. “ಗೀಟು ಗೀಟಾಗೇ ಅದ” ಎಂದು ಎದ್ದರು. ಈಗ ಹೇಳು, ಈಗ ಹೇಳು ಎಂದು ಒಳಗೆ ಬಡಿದುಕೊಳ್ಳುತ್ತಿತ್ತು. ಲೋಟ ವಾಪಸ್ ಕೊಟ್ಟು ಹೊರಟೇಬಿಟ್ಟರು.

ಹನೂರು ರಸ್ತೆಯ ಏರಿನಲ್ಲಿ ಪೂರ್ತಿ ಜೋರು ಕೊಟ್ಟಾಗ ಅಚ್ಚು ತಿರುಗಿತು. ಚಕ್ರ ಫ್ರೇಮಿನಿಂದ ಹೊರಗೆ ಬಂದು ಸಿಕ್ಕಿಕೊಂಡಿತು. ಯಾರೋ ಅವರನ್ನೂ ಸೈಕಲ್ಲನ್ನೂ ಒಂದೇ ಆಟೋದಲ್ಲಿ ಹಾಕಿಕೊಂಡು ಬಂದರು. ಎಡಗೈ ಮಣಿಕಟ್ಟು ಮುರಿದಿತ್ತು. ಬೋಲ್ಟು ರಸ್ತೆಯಲ್ಲೆಲ್ಲೋ ಹಾರಿ ಹೋಗಿತ್ತು. ಹಾಗಾಗಿ ನನ್ನ ಕಳ್ಳಾಟಕ್ಕೆ ಸಾಕ್ಷಿಯೇ ಇರಲಿಲ್ಲ.

ಪ್ಲಾಸ್ಟರ್ ಹಾಕಿದ ಕೈಯಲ್ಲೇ ಅವರು ಆ ಸೊಟ್ಟಗಾದ ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಮತ್ತೆ ಮತ್ತೆ ಅಚ್ಚಿಗೆ ತೊಡಿಸಿ ತೆಗೆಯುತ್ತಿದ್ದರು. “ನನ್ ಅರ ತೂತ್ನ ಜಾಸ್ತಿ ತಿಂದುಬುಟ್ಟದ. ಕಣ್ಣು ಓಯ್ತು ಕಣವ್ವಾ ನಂಗೆ” ಎಂದರು. ಉಳಿದ ಐವರಿಗೂ ಫೋನ್ ಮಾಡಿಸಿದರು, ಓಡಿಸಬೇಡಿ, ತಂದುಕೊಡಿ, ಎಲ್ಲ ಕಿತ್ತು ಕೊಡುತ್ತೇನೆ ಎಂದು. ನಾನು ರೊಟ್ಟಿ, ಸಾರು ಮಾಡಿ ಕೊಂಡೊಯ್ದೆ. ಔಷಧಿ ತಂದುಕೊಟ್ಟೆ. ಹೇಳಬೇಕಾದ ಒಂದೇ ಮಾತು ಬಿಟ್ಟು ಲೋಕದ ಮಾತೆಲ್ಲ ಆಡಿದೆ. ಗ್ರಂಥಾಲಯದಲ್ಲಿ ಒಂದು ಪುಟ ಓದಲಾಗಲಿಲ್ಲ. ಕೂತರೆ ಏಳಬೇಕು, ಎದ್ದರೆ ಎಲ್ಲಿ ಹೋಗಬೇಕು ಗೊತ್ತಿಲ್ಲ. ಹೀಗೆ ಹತ್ತು ದಿನ.

ಹನ್ನೊಂದನೆಯ ದಿನ ಟೈಲರ್ ಗೂಡ್ಸ್ ಆಟೋದಲ್ಲಿ ಸೈಕಲ್ ಹಾಕಿಕೊಂಡು ಬಂದರು. ಊರೂರಿಗೆ ಹೋಗಿ ಅಳತೆ ತಂದು ಹೊಲಿದುಕೊಡುವ ಕೆಲಸ ಅವರದು. “ಅಣ್ಣೇ, ಇದ ಕಿತ್ಕಂಡ್ರೆ ನಾನೆಂಗೆ ಊರೂರು ಸುತ್ಲಿ? ನಂದು ನಲ್ಲಾವೇ, ಚೆಂದಾಗೇ ಓಡ್ತಾ ಅದಲ್ಲ” ಎಂದು ತಮಿಳು ಬೆರೆತ ಕನ್ನಡದಲ್ಲಿ ಹೇಳಿ ಸೀಟು ಹಿಡಿದುಕೊಂಡೇ ನಿಂತರು.

“ನಿನ್ ಕಾಲ್ ಮುರಿಯಾಗಂಟ ಕಾಯ್ಲಾ ನಾನು? ಬುಡಪ್ಪಾ” ಎಂದು ಮಾವ ಒಂದೇ ಕೈಯಲ್ಲಿ ಸ್ಪ್ಯಾನರ್ ಇಟ್ಟರು. ನಟ್ಟು ಕದಲಲಿಲ್ಲ. ಹಲ್ಲು ಕಚ್ಚಿ ಮತ್ತೆ ಎಳೆದರು. ಆ ನಟ್ಟು ಎಷ್ಟು ಬಿಗಿಯಾಗಿತ್ತು ಎಂಬುದನ್ನು ನೋಡುತ್ತಾ ನಿಂತ ನನಗೆ ಇನ್ನು ತಡೆಯಲಾಗಲಿಲ್ಲ.

“ಮಾವ, ಬಿಡಿ ಅದನ್ನ. ತಪ್ಪು ನಂದು” ಎಂದೆ. ಪಂಕ್ಚರ್, ಬೋಲ್ಟು, ಫ್ಯಾನ್ಸಿ ಸ್ಟೋರಿನ ಬಾಟಲಿ, ಎಲ್ಲ ಹೇಳಿದೆ.

ಅವರು ಬೈಯಲಿಲ್ಲ. “ಎಷ್ಟು ದಪ್ಪದ ಬೋಲ್ಟು?” ಎಂದರು. ಓಡಿಹೋಗಿ ಡಬ್ಬಿಯಿಂದ ಅದರ ಜೋಡಿಯನ್ನು ತಂದೆ. ಪಟ್ಟಿಯ ತೂತಿಗೆ ಹಾಕಿ ಅಲ್ಲಾಡಿಸಿದರು. ಗಲಗಲ ಎಂದಿತು. ಆಗ ಮೆಟ್ಟಿಲ ಮೇಲೆ ಕೂತರು.

“ಅಂಗಾರೆ ನನ್ ಅರ ಅಲ್ಲ” ಎಂದರು, ಯಾರಿಗೂ ಅಲ್ಲದ ಹಾಗೆ. ಆಮೇಲೆ ನನ್ನ ಕಡೆ ತಿರುಗಿದರು. “ಬಿದ್ದದ್ನ ಬುಡು, ಮೂಳೆ ಕೂಡ್ಕತದ. ಮೂವತ್ತು ವರ್ಸದ ಕೈ ಕಣವ್ವಾ ಇದು. ಹತ್ತು ದಿನ ಇದ್ನೇ ನಾನು ಅನುಮಾನ ಪಟ್ಟೆ. ಅದ್ಕೇನ್ ಹೇಳ್ತಿಯೆ ನೀನು?”

ಟೈಲರ್ ಮೆಲ್ಲಗೆ ಸೈಕಲ್ ತಿರುಗಿಸಿಕೊಂಡರು. “ನಿಂದು ಸರ್ಯಾಗೇ ಅದ, ಓಡುಸ್ಕಂಡೇ ಓಗು” ಎಂದರು ಮಾವ. ಆಮೇಲೆ ಬಾಕಿ ನಾಲ್ವರಿಗೂ ಫೋನ್ ಮಾಡಿದ್ದು ನಾನು. ಯಾಕೆ ಬಿದ್ದರು ಎಂದು ಕೇಳಿದವರಿಗೆಲ್ಲ ನನ್ನ ತಪ್ಪನ್ನೇ ಹೇಳಿದೆ. ಹಾಗೆ ಹೇಳಬೇಕೆಂದು ಅವರು ಕೇಳಿರಲಿಲ್ಲ.

ಎರಡು ವಾರ ನಮ್ಮ ಮನೆ ಕಡೆ ಬರಲಿಲ್ಲ. ಗೇಟು ಕಿರುಗುಟ್ಟತೊಡಗಿತು, ಎಣ್ಣೆ ಬಿಡಲು ನನಗೂ ಮನಸ್ಸಾಗಲಿಲ್ಲ. ಮೂರನೆಯ ವಾರ ಒಂದು ಬೆಳಿಗ್ಗೆ ಉಕ್ಕಿನ ಪಟ್ಟಿ, ಅರ ಎರಡನ್ನೂ ತಂದು ಜಗಲಿಯ ಮೇಲೆ ಇಟ್ಟರು. “ನಂಗೊಂದೇ ಕೈ. ನಿನ್ ಪಟ್ಟಿ ನೀನೇ ಮಾಡ್ಕೊ” ಎಂದರು. ದಿನಾ ಸಂಜೆ ಉಜ್ಜಿದೆ. ಅಂಗೈಯಲ್ಲಿ ಬೊಬ್ಬೆ ಬಂತು. ಮೊದಲನೆಯ ಪಟ್ಟಿಯ ತೂತು ದೊಡ್ಡದಾಯಿತು, ಮಾವ ಅದನ್ನು ಎತ್ತಿ ಮೋರಿಗೆ ಎಸೆದರು. ಎರಡನೆಯದೂ ಹೋಯಿತು. ಮೂರನೆಯದು ಅಚ್ಚಿಗೆ ತೊಡಿಸಿದಾಗ ಅಲ್ಲಾಡಲಿಲ್ಲ. ಚೆನ್ನಾಗಿದೆ ಎನ್ನಲಿಲ್ಲ ಅವರು. ಎಸೆಯಲಿಲ್ಲ, ಅಷ್ಟೇ.

ಪ್ಲಾಸ್ಟರ್ ಬಿಚ್ಚಿದ ಮೇಲಿನ ಮೊದಲ ಭಾನುವಾರ ಎಂದಿನಂತೆ ಬಂದರು. ನಾನೇ ಹಾಕಿದ ಚಕ್ರ, ನಾನೇ ಬಿಗಿದ ನಟ್ಟು, ನಾನೇ ಎಳೆದ ಗೀಟು. ಸ್ಪ್ಯಾನರ್ ತಂದು ಅವರ ಮುಂದೆ ಹಿಡಿದೆ, ಪರೀಕ್ಷೆ ಮಾಡಿ ಎಂದು.

ತೆಗೆದುಕೊಳ್ಳಲಿಲ್ಲ. “ನೀನ್ ಬಿಗಿ ಮಾಡಿದ್ದಯಾ?” ಎಂದರು.

“ಮಾಡಿದ್ದೀನಿ ಮಾವ.”

ಸೈಕಲ್ ಹತ್ತಿ ಹನೂರು ರಸ್ತೆಗೆ ಹೋದರು.

ಆ ಮುಕ್ಕಾಲು ಗಂಟೆ ನಾನು ಪಟ್ಟ ಪಾಡು ಯಾರಿಗೂ ಬೇಡ. ಗೇಟಿಗೆ ಹೋದೆ, ಒಳಗೆ ಬಂದೆ, ಒಲೆಯ ಮೇಲಿನ ಹಾಲು ಉಕ್ಕಿ ಹೋಯಿತು. ದೂರದಲ್ಲಿ ಆಟೋ ಸದ್ದು ಕೇಳಿದಾಗಲೆಲ್ಲ ಬೀದಿಗೆ ಓಡುತ್ತಿದ್ದೆ. ಕೊನೆಗೆ ಬೀದಿಯ ತುದಿಯಲ್ಲಿ ಖಾಕಿ ಅಂಗಿ ಕಂಡಿತು. ಬಂದು, ಇಳಿದು, ನನ್ನ ಮುಖ ನೋಡಿದರು.

“ಇಲ್ಲೇ ನಿಂತಿದ್ದಯಾ, ಆವಾಗ್ಲಿಂದ?”

ಹೂಂ ಎಂದೆ.

“ನಾನೂ ಇಂಗೇ ನಿಂತ್ಕತೀನಿ ಕಣವ್ವಾ, ದಿನಾ ಸಂದೇಲಿ. ನೀನು ಮುಳ್ಳೂರಿಂದ ಬರಾಗಂಟ.”

ಎದುರುಮನೆಯಲ್ಲೇ ಇದ್ದು ನನಗೆ ಇದು ಗೊತ್ತಿರಲಿಲ್ಲ. ಸಂಜೆ ಅವರು ಬಾಗಿಲಲ್ಲಿ ನಿಂತಿರುವುದನ್ನು ಸಾವಿರ ಸಲ ನೋಡಿದ್ದೆ. ಗಾಳಿಗೆ ನಿಂತಿದ್ದಾರೆ ಎಂದುಕೊಂಡಿದ್ದೆ.

ಅದಾದ ಮೇಲೆ ಅವರು ಇದ್ದದ್ದು ಒಂದೇ ವರ್ಷ. ಎದೆನೋವು ಬಂದು ಒಂದೇ ದಿನದಲ್ಲಿ ಹೋದರು. ಆ ಒಂದು ವರ್ಷ ಮುಳ್ಳೂರಿನಿಂದ ಬರುವಾಗ ನಾನು ಬೀದಿಯ ತುದಿಯಿಂದಲೇ ಬೆಲ್ ಹೊಡೆಯುತ್ತಿದ್ದೆ, ಅವರು ಒಂದು ನಿಮಿಷ ಮುಂಚೆಯಾದರೂ ಒಳಗೆ ಹೋಗಿ ಕೂರಲಿ ಎಂದು.