ಲೈಪೇಸ್ ಎಂಬ ಕೆಲಸದವನು

“ಡ್ರಿಪ್ ತೆಗೀರಿ. ನಾ ಮನೀಗೆ ಹೊಂಟೆ!”

ದಾಂಡೇಲಿಯ ಆಸ್ಪತ್ರೆಯೊಂದರಲ್ಲಿ ಮಂಚದಿಂದ ಕಾಲು ಕೆಳಗಿಟ್ಟವರು ನಮ್ಮ ಪಕ್ಕದ ಮನೆಯ ಬಾಯ್ಲರ್ ಬಾಬಾಜಾನ್. ಒಂದು ಕೈ ಹೊಟ್ಟೆಯ ಮೇಲೆ, ಅಂಗಿಯೆಲ್ಲ ಬೆವರು. ಹುಬ್ಬಳ್ಳಿಗೆ ಒಯ್ಯಲು ಆಂಬುಲೆನ್ಸ್ ಹೊರಗೆ ನಿಂತಿತ್ತು. ತಡ ಮಾಡಿದರೆ ಜೀವಕ್ಕೇ ಅಪಾಯ ಎಂದು ಡಾಕ್ಟರು ಹೇಳಿ ಆಗಿತ್ತು.

ಹೆಂಡತಿ ಹಸೀನಾ ನನ್ನ ಕೈ ಹಿಡಿದಳು. “ಆಂಟಿ, ನೀವರ ಹೇಳ್ರಿ. ನನ್ನ ಮಾತು ಯಾವತ್ತ ಕೇಳ್ಯಾರ ಇವರು?”

ಬಾಬಾಜಾನ್ ರೇಗಿದರು. “ಏನ್ ಹೇಳ್ತಾರ? ರಕ್ತದಾಗ ಲೈಪೇಸ್ ಹೆಚ್ಚಾಗೇತಂತ! ಅದು ಎಲ್ಲಾರ ಹೊಟ್ಟ್ಯಾಗೂ ಇರ್ತೈತಿ ಅಂತ ನರ್ಸಬಾಯಿನ ಅಂದ್ಳು. ಇದ್ದದ್ದು ಒಂದೀಟು ಹೆಚ್ಚಾದ್ರ ಹುಬ್ಬಳ್ಳಿ ಯಾಕ? ಗ್ಯಾಸ್ ಐತಿ. ಸೋಡಾ ಕುಡದ್ರ ಹೋಗ್ತೈತಿ.”

ಈ ಹಟಮಾರಿಗೆ ಹೇಗೆ ಹೇಳುವುದು?

ಕಾನ್ವೆಂಟಿನ ನಮ್ಮ ಬಯಾಲಜಿ ಸಿಸ್ಟರ್ ನೆನಪಾದರು. “ಗರ್ಲ್ಸ್, ಎನ್‌ಜೈಮ್ ಯಾವುದರ ಮೇಲೆ ಕೆಲಸ ಮಾಡುತ್ತದೋ ಅದರ ಹೆಸರಿಗೇ ಒಂದು ‘ಏಸ್’ ಬಾಲ!” ಲಿಪಿಡ್ ಅಂದರೆ ಕೊಬ್ಬು, ಅದನ್ನು ಒಡೆಯುವುದು ಲೈಪೇಸ್. ಹಾಲಿನ ಸಕ್ಕರೆ ಲ್ಯಾಕ್ಟೋಸನ್ನು ಒಡೆಯುವುದು ಲ್ಯಾಕ್ಟೇಸ್. (ಪೆಪ್ಸಿನ್, ಟ್ರಿಪ್ಸಿನ್ ಈ ರೂಲ್ ಬರುವ ಮುಂಚಿನವು, ಮನೆಯಲ್ಲಿ ಇಟ್ಟ ಮುದ್ದಿನ ಹೆಸರಿನಂತೆ ಹಾಗೇ ಉಳಿದುಕೊಂಡವು. ಸಿಸ್ಟರ್ ಈಗ ಎಲ್ಲಿದ್ದಾರೋ.)

“ಬಾಬಾಜಾನ್, ನಿಮಗ ಬಾಯ್ಲರ್ ಅಂತ ಯಾಕ ಕರೀತಾರ?”

“ಇದೇನ್ ಕೇಳ್ತೀರಿ ಆಂಟಿ, ಈ ಹೊತ್ತಿನ್ಯಾಗ? ಮಿಲ್ಲಿನಾಗ ಬಾಯ್ಲರ್ ಮ್ಯಾಲೆ ದುಡದಾವ ನಾ.”

ಕಾಗದದ ಮಿಲ್ಲಿನ ನಮ್ಮ ಊರಿನ ಪದ್ಧತಿಯೇ ಅದು. ಪಲ್ಪ್ ಪೀಟರ್, ಕ್ರೇನ್ ಕಲ್ಲಪ್ಪ. ರಿಟೈರ್ ಆದರೂ ಕೆಲಸ ಹೆಸರನ್ನು ಬಿಡುವುದಿಲ್ಲ.

“ಲೈಪೇಸೂ ಹಂಗ. ಕೊಬ್ಬಿನ ಮ್ಯಾಲೆ ದುಡಿಯಾಂವ. ಅವನ ಡ್ಯೂಟಿ ಕರುಳಿನಾಗ. ಈಗ ಅಂಥಾವರು ಗುಂಪುಗಟ್ಟಿ ರಕ್ತದಾಗ ಸಿಕ್ಕಾರ. ನಡು ಶಿಫ್ಟಿನ್ಯಾಗ ಬಾಯ್ಲರ್‌ದವರು ಎಲ್ಲಾರೂ ಗೇಟಿನ ಹೊರಗ ಓಡಿ ಬಂದ್ರ ಏನರ್ಥ?”

ಬಾಬಾಜಾನ್ ಬಾಗಿಲ ಕಡೆ ನೋಡಿದರು.

“ಒಳಗ ಏನೋ ಒಡದೈತಿ.”

“ಲೈಪೇಸ್ ತಯಾರಾಗೂ ಗ್ರಂಥಿ, ಪ್ಯಾಂಕ್ರಿಯಾಸ್ ಅಂತ ಡಾಕ್ಟರ್ ಹೇಳ್ತಾರ.”

“ಹಸೀನಾ, ಚಪ್ಪಲ್ ಕೊಡ. ಹುಬ್ಬಳ್ಳಿಗೆ ಹೋಗೂಣು.” ಧ್ವನಿಯಲ್ಲಿ ಜಗಳ ಇರಲಿಲ್ಲ. ನನಗೆ ಹೆದರಿಕೆಯಾಗಿದ್ದು ಆಗಲೇ.

ಇದನ್ನು ಬರೆಯುವಾಗಲೂ ಅವರು ಹುಬ್ಬಳ್ಳಿಯ ಐಸಿಯುವಿನಲ್ಲೇ ಇದ್ದಾರೆ. ಹಸೀನಾಳ ಫೋನ್ ಬೆಳಗಿನಿಂದ ಬಂದಿಲ್ಲ. ಮೊಬೈಲ್ ಮಡಿಲಲ್ಲೇ ಇಟ್ಟುಕೊಂಡಿದ್ದೇನೆ.

ಒಳಗೆ ಸದ್ದಿಲ್ಲದೆ ದುಡಿಯುವವರ ಹೆಸರು ನಮಗೆ ಗೊತ್ತಾಗಲು ಯಾವಾಗಲೂ ಏನಾದರೂ ಒಡೆಯಲೇಬೇಕೆ?