ನೀಲಮ್ಮ ಮೇಡಂ ಮತ್ತು ಮುದಿ ಇಲಿಗಳು

ನೀಲಮ್ಮ ಮೇಡಂ ಇಲಿಗಳಿಗೆ ಬಹುವಚನ ಕೊಡುತ್ತಿದ್ದರು. ಬೋನಿನ ಬಾಗಿಲು ತೆಗೆದು "ಬರ್ರೀ ಅಜ್ಜಾರ, ತೂಕ ನೋಡೂಣು" ಎಂದು ಅಂಗೈ ಚಾಚುತ್ತಿದ್ದರು. ಏಕವಚನವೆಲ್ಲ ನಮ್ಮಂಥ ಮನುಷ್ಯರಿಗೆ: "ಏ ತಮ್ಮಾ, ಕೈ ತೊಳ್ಕೊಂಡಿಯೇನ್?"

ಹುಬ್ಬಳ್ಳಿ ಕಡೆಯವರು. ಹಣೆಗೆ ವಿಭೂತಿ, ಸೀರೆಯ ಮೇಲೆ ಬಿಳಿ ಕೋಟು. ದೊಡ್ಡನೆಕ್ಕುಂದಿಯ ನಮ್ಮ ಪ್ರಯೋಗಾಲಯದಲ್ಲಿ ಅವರ ಪ್ರಶ್ನೆ ಒಂದೇ: ಕತ್ತಲಾದಾಗ ಮೈಯೇ ತಯಾರಿಸುವ ಮೆಲಟೋನಿನ್ ಎಂಬ ಹಾರ್ಮೋನನ್ನು ವಯಸ್ಸಾದ ಇಲಿಗೆ ಕಡೇತನಕ ಕೊಟ್ಟರೆ ಮುಪ್ಪು ತಡವಾದೀತೇ? ಅರ್ಧ ಇಲಿಗಳಿಗೆ ಸಂಜೆಯ ನೀರಿನಲ್ಲಿ ಔಷಧಿ, ಉಳಿದರ್ಧಕ್ಕೆ ಬರೀ ನೀರು. ರಾತ್ರಿ ಎಲ್ಲಕ್ಕೂ ಪೂರ್ತಿ ಕತ್ತಲೆ. ದೀಪ ಆರಿದ ಮೇಲೆ ಇಲಿಕೋಣೆಯ ಬಾಗಿಲು ತೆರೆದವನಿಗೆ ಮಂಗಳಾರತಿಯೇ!

ಆಯುಧಪೂಜೆ ಬಂತು. ಮೇಡಂ ತಕ್ಕಡಿಗೆ ಹೂವಿಟ್ಟು, ಇಲಿಕೋಣೆಯ ಬಾಗಿಲಿನ ಹೊರಗೆ ತಾವೇ ಸೀರಿಯಲ್ ಸೆಟ್ ಕಟ್ಟಿದರು. "ಹೊರಗ ಐತಲ್ಲ, ಏನಾಗಂಗಿಲ್ಲ ಬಿಡು." ಹಬ್ಬ ಮುಗಿದರೂ ಯಾರೂ ಆರಿಸಲಿಲ್ಲ, ಬಿಚ್ಚಲೂ ಇಲ್ಲ, ದೀಪಾವಳಿಗೆ ಹೇಗೂ ಬೇಕಲ್ಲ!

ದೀಪಾವಳಿಯ ಹಿಂದಿನ ಸಂಜೆ ಕೆಲಸ ತಡವಾಯಿತು. ಕೋಣೆಯ ದೀಪ ನಿತ್ಯದಂತೆ ತಾನಾಗಿ ಆರಿದಾಗ ಮೇಡಂ ಮತ್ತು ನಾನು ಒಳಗೇ ಇದ್ದೆವು. ಬಾಗಿಲಿನ ಗಾಜು ದಾಟಿ ಹಸಿರು, ನೀಲಿ ಬೆಳಕು ಬೋನುಗಳ ಮೇಲೆಲ್ಲ ಮಿಣುಕುತ್ತಿತ್ತು. ಮೇಡಂ ಹೊರಗೆ ಹೋಗಿ ಸೀರಿಯಲ್ ಸೆಟ್ಟಿನ ಪ್ಲಗ್ ಕಿತ್ತರು.

ಹಬ್ಬ ಕಳೆದು, ಪ್ರಯೋಗಕ್ಕೆ ದುಡ್ಡು ಹಾಕಿದ್ದ ಔಷಧಿ ಕಂಪನಿಯವರು ಸ್ವೀಟ್ ಬಾಕ್ಸ್ ಸಮೇತ ಬಂದರು. ಔಷಧಿ ಕುಡಿದ ಇಲಿಗಳು ಚುರುಕಾಗಿದ್ದವು. ಉಳಿದವು ಆಯುಧಪೂಜೆಯಿಂದೀಚೆಗಿನ ಕೆಲವೇ ವಾರಗಳಲ್ಲಿ ಮಂಕಾಗಿದ್ದವು. ಎಲ್ಲರೂ ಖುಷಿಯಾಗಿರುವಾಗ ಮೇಡಂ ಎದ್ದರು.

"ಬರೇ ನೀರು ಕುಡದ ಇಲಿ ಕುಗ್ಗಿದ್ದು ನಮ್ಮ ಲೈಟಿನಿಂದನೂ ಇರಬಹುದ್ರೀ. ರಾತ್ರಿ ಬೆಳಕು ಬಿದ್ರ ಅವುಕ್ಕ ತಮ್ಮ ಮೆಲಟೋನಿನ್ನೂ ಸಿಗಂಗಿಲ್ಲ. ಲೈಟ್ ಕಟ್ಟಿದಾಕಿ ನಾನ."

ಪ್ರಯೋಗ ಅಲ್ಲಿಗೆ ನಿಂತಿತು.

"ಸುಮ್ನಿದ್ದಿದ್ರೆ ಯಾರ್ ಕೇಳ್ತಿದ್ರು ಮೇಡಂ?" ಎಂದು ನಮ್ಮ ಬಾಸ್ ತಲೆ ಚಚ್ಚಿಕೊಂಡರು.

"ನಾ ಕೇಳ್ತಿದ್ನಲ್ರೀ."

ನನಗೂ ಸಿಟ್ಟು ಬಂದಿತ್ತು. ಅಷ್ಟು ತಿಂಗಳ ದುಡಿಮೆ ನೀರಿನಲ್ಲಿ ಹೋಮವಾಯಿತಲ್ಲ! ಮೇಡಂ ಸ್ವಲ್ಪ ದಿನದಲ್ಲೇ ಕೆಲಸ ಬಿಟ್ಟರು.

ಕಳೆದ ತಿಂಗಳು ಕುಂದಲಹಳ್ಳಿಯ ಮೆಡಿಕಲ್ ಶಾಪಿನಲ್ಲಿ ಸಿಕ್ಕಿದರು. ನಿದ್ದೆ ಬಾರದ ನನ್ನಮ್ಮನಿಗೆ ಅದೇ ಮೆಲಟೋನಿನ್ ಮಾತ್ರೆ ಕೊಳ್ಳುತ್ತಿದ್ದೆ.

"ವರ್ಷಗಟ್ಲೆ ತಗೊಂಡ್ರೆ ಒಳ್ಳೇದಾ ಮೇಡಂ?"

ಅವರು ಡಬ್ಬಿ ತೆಗೆದುಕೊಂಡು ಹಿಂದೆ ಮುಂದೆ ನೋಡಿದರು. "ಡಾಕ್ಟ್ರನ್ನ ಕೇಳಿ ಕೊಡು," ಎಂದು ವಾಪಸು ಕೊಟ್ಟರು. "ಇಷ್ಟೊತ್ತಿಗೆ ನಾನ ಹೇಳಬಹುದಿತ್ತು ತಮ್ಮಾ. ಆ ಲೈಟ್ ಕಟ್ಟಿ ಕೆಡಿಸಿಬಿಟ್ಟೆ."