ಅವ್ವನ ಉಳಿತಾಯ ಪತ್ರ, ನನ್ನ ಪದವಿ ಪತ್ರ

ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂದರೆ ಇಂದಿಗೂ ಕೈಯಲ್ಲಿರುವ ಕಾಗದವನ್ನು ಎದೆಗೆ ಅವುಚಿಕೊಳ್ಳುತ್ತೇನೆ. ಕಳೆದ ವಾರ ಹೈದರಾಬಾದಿನ ಲಿಂಗಂಪಲ್ಲಿ ಸ್ಟೇಷನ್ನಿನ ಎದುರಿನ ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ಕಚೇರಿಯಲ್ಲಿ ಎಲ್ಲರ ಕಡತಗಳನ್ನೂ ಹೊಸದಾಗಿ ಜೋಡಿಸುತ್ತಿದ್ದಾರೆ, ಪದವಿ ಪತ್ರದ ಒಂದು ಪ್ರತಿ ಬೇಕಂತೆ. ಅಂಗಡಿಯವನು ನನ್ನ ಬಿ.ಕಾಂ. ಪತ್ರವನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದ. ಮುಂಬದಿಗೆ ಹಳದಿಗಟ್ಟಿದ ಪ್ಲಾಸ್ಟಿಕ್, ಹಿಂಬದಿ ಬೋಳು. ಬಲಗಡೆಯ ಕೆಳಮೂಲೆ ಇಲ್ಲವೇ ಇಲ್ಲ.

"ಒಂದೇ ಕಡೆ ಲ್ಯಾಮಿನೇಷನ್ ಯಾರು ಮಾಡಿದ್ರು ಮೇಡಂ?" ಎಂದು ತೆಲುಗಿನಲ್ಲಿ ಕೇಳಿದ. "ಕೊಡಿ, ಈ ಕಡೆಯೂ ಹಾಕಿಬಿಡ್ತೀನಿ." ಅವನ ಪಕ್ಕದಲ್ಲಿ ಯಂತ್ರ ಕಾದು ಕೂತಿತ್ತು.

"ವದ್ದು! ವದ್ದು!" ಬೇಡವೆಂದು ನಾನೂ ತೆಲುಗಿನಲ್ಲೇ ಕೂಗಿದ ರಭಸಕ್ಕೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಐವತ್ತರ ಹತ್ತಿರ ಬಂದ ಹೆಂಗಸು ಪ್ಲಾಸ್ಟಿಕ್ಕಿಗೆ ಹೆದರುವುದನ್ನು ಅವರು ಕಂಡಿರಲಿಕ್ಕಿಲ್ಲ. ಅವರಿಗೆ ಹೇಳಲಾಗದ ಕಾರಣವನ್ನು ನಿಮಗಾದರೂ ಹೇಳುತ್ತೇನೆ.

ನಮ್ಮಪ್ಪ ರಕ್ಷಣಾ ಇಲಾಖೆಯ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಪಾತ್ರೆ ತೊಳೆಯಲು ಸೇರಿ, ಚಹಾ ಮಾಡುವವರೆಗೆ ಬಡ್ತಿ ಪಡೆದವನು. ಅವ್ವ ಕ್ವಾರ್ಟರ್ಸಿನ ಹಿತ್ತಲಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬೀದರ, ಕಲಬುರ್ಗಿ, ರಾಯಚೂರ ಕಡೆಯಿಂದ ನೌಕರಿಗೆಂದು ಒಂಟಿಯಾಗಿ ಬಂದವರಿಗೆ ಹೈದರಾಬಾದಿನ ಅನ್ನ ಎರಡು ದಿನ ರುಚಿಸುತ್ತಿತ್ತು, ಮೂರನೆಯ ದಿನ ಅವ್ವನ ಬಾಗಿಲಿಗೆ ಬರುತ್ತಿದ್ದರು. ನಾನು ಬೆಳಿಗ್ಗೆ ಎಚ್ಚರಗೊಳ್ಳುತ್ತಿದ್ದುದೇ ಆ ಬಡಿತಕ್ಕೆ. ಗಡಿಯಾರ ಕೊಳ್ಳುವ ಅಗತ್ಯ ನಮಗೆ ಬಹಳ ವರ್ಷ ಬೀಳಲಿಲ್ಲ.

ರೊಟ್ಟಿಯ ದುಡ್ಡು ವರ್ಷವಿಡೀ ಜೋಳದ ಡಬ್ಬಿಯ ತಳದಲ್ಲಿ ಕೂತಿರುತ್ತಿತ್ತು. ದೀಪಾವಳಿ ಹತ್ತಿರ ಬಂದಾಗ ಅಂಚೆ ಕಚೇರಿಗೆ ಹೋಗಿ, ಸರ್ಕಾರದ ಒಂದು ಉಳಿತಾಯ ಪತ್ರವಾಗಿ ಮನೆಗೆ ಮರಳುತ್ತಿತ್ತು. ಲಕ್ಷ್ಮೀ ಪೂಜೆಗೆ ಬೇರೆಯವರು ಬಂಗಾರ ಇಡುತ್ತಾರೆ, ಅವ್ವ ಆ ಪತ್ರ ಇಡುತ್ತಿದ್ದಳು. ಮೊದಲ ವರ್ಷದ್ದಕ್ಕೆ ಒಂದು ಕುಂಕುಮದ ಬೊಟ್ಟು, ಎರಡನೆಯದಕ್ಕೆ ಎರಡು. ಓದಲು ಬಾರದವಳ ಲೆಕ್ಕ ಅದು. ಟ್ರಂಕಿನಿಂದ ತೆಗೆದು, ಬೊಟ್ಟು ಎಣಿಸಿ, "ಇದು ನೀ ಎಸ್ಸೆಸ್ಸೆಲ್ಸಿ ಪಾಸಾದ ವರ್ಷದ್ದು" ಎನ್ನುತ್ತಿದ್ದಳು. ಒಮ್ಮೆಯೂ ತಪ್ಪಲಿಲ್ಲ.

ಅಷ್ಟರಲ್ಲಿ ಊರಿಗೆ ಕಂಪ್ಯೂಟರಿನ ಗಾಳಿ ಬೀಸಿತ್ತು. ಬಂಡೆಗಲ್ಲುಗಳಿದ್ದಲ್ಲಿ ಗಾಜಿನ ಕಟ್ಟಡಗಳೇಳುತ್ತಿದ್ದವು. ಪಕ್ಕದ ಮನೆಯ ಪಾಟೀಲ ಕಾಕಾ ಫಿಟ್ಟರ್ ಕೆಲಸದಲ್ಲಿದ್ದವರು, ದಿನಕ್ಕೆರಡು ಪೇಪರು ತರಿಸಿ ಷೇರಿನ ಪುಟ ಓದುತ್ತಿದ್ದರು. ಒಂದು ದಿನ ರೊಟ್ಟಿ ಕಟ್ಟಿಸಿಕೊಳ್ಳುತ್ತ ಅವ್ವನನ್ನು ಛೇಡಿಸಿದರು.

"ಏನ್ ವೈನೀ, ಇನ್ನೂ ಆ ಸರ್ಕಾರದ ಕಾಗದಾನ ಹಿಡಕೊಂಡು ಕುಂತೀರಲ್ಲ! ಸಾಫ್ಟ್‌ವೇರ್ ಷೇರ್ ತಗೋರಿ. ವರ್ಷದಾಗ ಎರಡ ಪಟ್ಟು."

ಅವ್ವ ರೊಟ್ಟಿ ಮಗುಚಿ ಹಾಕಿ ಹೇಳಿದಳು: "ನಾ ಸರ್ಕಾರಕ್ಕ ಸಾಲಾ ಕೊಟ್ಟಾಕಿ ಅದೀನ್ರೀ ಪಾಟೀಲ್ರ. ಈ ಓಣ್ಯಾಗ ಸರ್ಕಾರಕ್ಕ ಸಾಲಾ ಕೊಟ್ಟಾವ್ರು ಯಾರದಾರ, ತೋರ್ಸ್ರಿ ನೋಡೂಣು!"

ಪಾಟೀಲ ಕಾಕಾ ನಗುತ್ತಾ ಹೋದರು. ಅವರ ಷೇರುಗಳ ಕಥೆ ಇಲ್ಲಿ ಬೇಡ. ಅವರ ಮಗಳು ಈಗಲೂ ನನ್ನ ಗೆಳತಿ.

ನಾನು ಬಿ.ಕಾಂ. ಪಾಸಾದೆ. ನಮ್ಮ ಎರಡೂ ಕಡೆಯ ಬಳಗದಲ್ಲಿ ಅಂಥ ಕಾಗದ ಮನೆಗೆ ತಂದವಳು ನಾನೇ ಮೊದಲು. ಅದನ್ನು ನಾನು ಹೇಳಿಕೊಳ್ಳುತ್ತೇನೆ, ಸಂಕೋಚವಿಲ್ಲ. ಪದವಿ ಪತ್ರ ಕೈಗೆ ಬಂದ ದಿನ ಅವ್ವನನ್ನು ಸುಲ್ತಾನ್ ಬಜಾರಿಗೆ ಕರೆದೊಯ್ದು, ಟ್ಯೂಷನ್ ಹೇಳಿ ಗಳಿಸಿದ ದುಡ್ಡಿನಲ್ಲಿ ಸೀರೆ ಕೊಡಿಸಿದೆ. ಮರಳಿ ಬರುವಾಗ ನಮ್ಮ ಅಂಚೆ ಕಚೇರಿ ಪಕ್ಕದ ಖಾದರ್ ಭಾಯಿ ಅಂಗಡಿಯಲ್ಲಿ ಪತ್ರಕ್ಕೆ ಪ್ಲಾಸ್ಟಿಕ್ ಹಾಕಿಸಿದೆ. ಯಂತ್ರದಿಂದ ಅದು ಹೊಳೆಯುತ್ತ ಹೊರಬಂದಾಗ ಅವ್ವ ಮುಟ್ಟಲು ಹೆದರಿದಳು.

"ಮುಟ್ಟವ್ವಾ, ಇನ್ನ ಇದಕ್ಕ ನೀರಿಲ್ಲ, ಗೆದ್ದಲಿಲ್ಲ. ಮುಖ್ಯವಾದ ಕಾಗದ ಹಿಂಗ ಕಾಪಾಡಬೇಕು" ಎಂದೆ. ಹೊಸ ಪದವೀಧರೆ ನೋಡಿ, ಉಪದೇಶಕ್ಕೆ ಬರವಿರಲಿಲ್ಲ.

ಅವ್ವ ಪತ್ರದ ಅಂಚನ್ನು ಬೆರಳಿಂದ ಸವರಿ ನೋಡಿದಳು. ಮರುದಿನ ತನ್ನ ಆರೂ ಪತ್ರಗಳನ್ನು ಸೆರಗಿನಲ್ಲಿ ಮುಚ್ಚಿ ತಂದು ನನ್ನ ಮುಂದಿಟ್ಟಳು. "ನಿಂದಷ್ಟ ಮುಖ್ಯ ಅಲ್ಲ ಖರೆ. ಆದ್ರೂ ಹಾಕಿಸ್ಲೇನು?" ನಾನೇ ಕರೆದುಕೊಂಡು ಹೋದೆ. ಕುಂಕುಮದ ಬೊಟ್ಟುಗಳ ಸಮೇತ ಆರೂ ಪತ್ರಗಳು ಪ್ಲಾಸ್ಟಿಕ್ಕಿನೊಳಗೆ ಸೇರಿದವು. ಮುಂದೆ ಆದದ್ದಕ್ಕೆಲ್ಲ ತಪ್ಪು ನನ್ನದು ಎಂದು ನಾನು ಹೇಳುವುದು ಇದಕ್ಕೇ.

ಎರಡು ವರ್ಷದ ಮೇಲೆ ಅಪ್ಪನ ನಿವೃತ್ತಿ ಹತ್ತಿರ ಬಂತು. ಕ್ವಾರ್ಟರ್ಸ್ ಬಿಡಬೇಕು. ಲಿಂಗಂಪಲ್ಲಿಯಲ್ಲಿ ಎರಡು ಕೋಣೆಯ ಮನೆಯೊಂದನ್ನು ನೋಡಿದ್ದೆವು. ಮಾರುವ ಮೇಷ್ಟ್ರು ಒಳ್ಳೆಯವರೇ, ಆದರೆ ಅಲ್ಲಿ ಜಾಗದ ಬೆಲೆ ವಾರಕ್ಕೊಮ್ಮೆ ಏರುತ್ತಿತ್ತು. "ಶನಿವಾರದವರೆಗೆ ಕಾಯುತ್ತೇನೆ. ಆಮೇಲೆ ಇನ್ನೊಂದು ಪಾರ್ಟಿ ಇದೆ" ಎಂದರು. ಅಪ್ಪನ ಹಣ ಅರ್ಧಕ್ಕೆ ಸಾಲುತ್ತಿತ್ತು, ಉಳಿದರ್ಧ ಅವ್ವನದು. ಆರರಲ್ಲಿ ನಾಲ್ಕು ಪತ್ರಗಳ ಅವಧಿ ಮುಗಿದಿತ್ತು. ಗುರುವಾರ ಬೆಳಿಗ್ಗೆ ಅವ್ವ ಸುಲ್ತಾನ್ ಬಜಾರಿನ ಸೀರೆ ಉಟ್ಟು ನನ್ನನ್ನು ಕರೆದುಕೊಂಡು ಅಂಚೆ ಕಚೇರಿಗೆ ಸಾಲ ವಸೂಲಿಗೆ ಹೊರಟಳು.

ಕೌಂಟರಿನ ಮೇಡಂ ಪತ್ರಗಳನ್ನು ನೋಡಿ ಕನ್ನಡಕ ತೆಗೆದರು. "ಹಣ ಪಡೆದೆ ಅಂತ ಇದರ ಹಿಂದೆ ಹೆಬ್ಬೆಟ್ಟು ಒತ್ತಬೇಕಮ್ಮಾ. ಎಲ್ಲಿ ಒತ್ತಿಸಲಿ, ಪ್ಲಾಸ್ಟಿಕ್ ಮೇಲೆ?"

ಅವ್ವನಿಗೆ ತೆಲುಗು ಅರ್ಥವಾಯಿತು, ತೊಂದರೆ ಅರ್ಥವಾಗಲಿಲ್ಲ. ಮಸಿಯ ಪ್ಯಾಡಿಗೆ ಹೆಬ್ಬೆರಳೊತ್ತಿ, ಪ್ಲಾಸ್ಟಿಕ್ಕಿನ ಮೇಲೆ ಬಲವಾಗಿ ಒತ್ತಿದಳು. ನೇರಳೆ ಮಸಿ ಜಾರಿ ಪಸರಿಸಿತು. ಸೆರಗಿನಿಂದ ಒರೆಸಿ ಮತ್ತೆ ಒತ್ತಿದಳು. ಮತ್ತೆ ಜಾರಿತು.

ಮೇಡಂ ಕಠಿಣರಲ್ಲ. ಪತ್ರ ಕೆಟ್ಟಿದೆಯೆಂದು ಅರ್ಜಿ ಕೊಟ್ಟು, ಜಾಮೀನುದಾರರ ಸಹಿ ಹಾಕಿಸಿದರೆ ಬದಲಿ ಪತ್ರ ಬರುತ್ತದೆ ಎಂದು ವಿವರಿಸಿದರು. ಎಷ್ಟು ದಿನ? ತಿಂಗಳುಗಳು. ನಾನು ನೆಲ ನೋಡುತ್ತ ನಿಂತೆ. ಕೊನೆಗೆ ಅವರೇ ದನಿ ತಗ್ಗಿಸಿ, "ಹಿಂಬದಿಯ ಪ್ಲಾಸ್ಟಿಕ್ಕನ್ನಾದರೂ ಹರಿಯದ ಹಾಗೆ ಬಿಡಿಸಿ ತಂದರೆ ಪೋಸ್ಟ್‌ಮಾಸ್ಟರರಿಗೆ ತೋರಿಸುತ್ತೇನೆ" ಎಂದರು.

ಖಾದರ್ ಭಾಯಿ ಕೈ ಮುಗಿದುಬಿಟ್ಟ. "ಲಗಾನಾ ಮೇರಾ ಕಾಮ್, ಅಮ್ಮಾ. ನಿಕಾಲ್ನಾ ನಕ್ಕೋ ಬೋಲೋ!" ಅಂಟಿಸುವುದಷ್ಟೇ ಅವನ ಕೆಲಸ, ಬಿಡಿಸಿದ ಅನುಭವವೇ ಇಲ್ಲ. ಅವ್ವ ಕಟ್ಟೆಯ ಮೇಲೆ ಕುಸಿದು ಕೂತದ್ದನ್ನು ನೋಡಿ ಅವನ ಮನಸ್ಸು ಕರಗಿತು. ಇಸ್ತ್ರಿಪೆಟ್ಟಿಗೆ ತರಿಸಿ ಬಿಸಿಗಿಟ್ಟ. ಆದರೆ ಮೊದಲು ಬೇರೆ ಯಾವುದಾದರೂ ಕಾಗದದ ಮೇಲೆ ಕೈ ನೋಡಬೇಕು ಎಂದ. ಅದೇ ಕಾಲದ್ದು, ಅದೇ ಪ್ಲಾಸ್ಟಿಕ್ಕಿನದು ಇರಬೇಕು. ಹರಿದರೂ ನಡೆಯುವಂಥದ್ದು.

ಅಂಥದ್ದು ನನ್ನ ಚೀಲದಲ್ಲೇ ಇತ್ತು. ಆ ದಿನಗಳಲ್ಲಿ ಬೇಗಂಪೇಟೆಯ ಆಫೀಸುಗಳ ಮೆಟ್ಟಿಲು ಹತ್ತಿ ಇಳಿಯುವುದೇ ನನ್ನ ಉದ್ಯೋಗವಾಗಿದ್ದರಿಂದ ಪದವಿ ಪತ್ರ ಸದಾ ಜೊತೆಗಿರುತ್ತಿತ್ತು. ಸುಳ್ಳು ಹೇಳಲಾರೆ, ಕೈ ಚೀಲದೊಳಗೆ ಹೋಗಿ ಅಲ್ಲೇ ನಿಂತಿತು. ಹರಿದರೂ ನಡೆಯುವಂಥದ್ದೇ ಅದು? ಆಮೇಲೆ ಅವ್ವನ ಹೆಬ್ಬೆರಳಿನ ಮಸಿ ಕಣ್ಣಿಗೆ ಬಿತ್ತು. ತೆಗೆದು ಕೊಟ್ಟೆ.

"ಏ ಹುಚ್ಚೀ!" ಅವ್ವ ಎದ್ದು ನಿಂತಳು. "ಮನಿ ಹೋದ್ರ ಇನ್ನೊಂದು ಸಿಗತೈತಿ. ಇದು ಸಿಗತೈತೇನ?"

"ಓದಿದ್ದು ನನ್ನ ತಲ್ಯಾಗ ಐತವ್ವಾ. ನಿನ್ನ ರೊಟ್ಟಿ ಎಲ್ಲಾ ಆ ಕಾಗದದಾಗ ಅದಾವ."

ಅವ್ವ ಖಾದರ್ ಭಾಯಿಯ ಪಕ್ಕಕ್ಕೆ ಬಂದು ನಿಂತಳು. "ಹಂಗಾರ ಹಿಡಕೊಳ್ಳೂದು ನಾನ" ಎಂದಳು. ಖಾದರ್ ಭಾಯಿ ಅಂಚು ಕತ್ತರಿಸಿ, ಇಸ್ತ್ರಿಯಿಂದ ಬಿಸಿ ಮುಟ್ಟಿಸಿ, ಹಿಂಬದಿಯ ಪೊರೆ ಎಳೆಯತೊಡಗಿದ. ಬಿಡಿಸಿಕೊಂಡ ಕಾಗದವನ್ನು ಅವ್ವ ಹೆಬ್ಬೆರಳಿನಿಂದ ಒತ್ತಿ ಹಿಡಿದಳು. ಕೊನೆಗೆ ಆತ ಅವಸರ ಮಾಡಿದ. ಪರ್ರ್ ಎಂದಿತು. ಮೂಲೆ, ಅರ್ಧ ಸಹಿಯ ಜೊತೆ, ಅವನ ಕೈಯಲ್ಲಿತ್ತು.

ಖಾದರ್ ಭಾಯಿಯ ಹಣೆಯಲ್ಲಿ ಬೆವರು. "ಅಬ್ ಸಮ್ಝಾ" ಎಂದ ಮೆಲ್ಲಗೆ. ಎಲ್ಲಿ ನಿಧಾನಿಸಬೇಕೆಂದು ಅವನಿಗೀಗ ಗೊತ್ತಾಗಿತ್ತು. ಅವ್ವನ ನಾಲ್ಕು ಪತ್ರಗಳು ಮಧ್ಯಾಹ್ನದವರೆಗೆ ಒಂದೊಂದಾಗಿ ಬಿಡಿಸಿಕೊಂಡವು. ಒಂದೂ ಹರಿಯಲಿಲ್ಲ. ಅವನು ದುಡ್ಡು ಮುಟ್ಟಲಿಲ್ಲ, ರೊಟ್ಟಿ ಮಾತ್ರ ಕೇಳಿದ.

ಪೋಸ್ಟ್‌ಮಾಸ್ಟರು ಪತ್ರಗಳನ್ನು ಬೆಳಕಿಗೆ ಹಿಡಿದು, ರಿಜಿಸ್ಟರಿನೊಂದಿಗೆ ತಾಳೆ ನೋಡಿ, ತಲೆಯಾಡಿಸಿದರು. ಅವ್ವ ನಾಲ್ಕು ಬಾರಿ ಹೆಬ್ಬೆಟ್ಟೊತ್ತಿದಳು. ಮಸಿ ಜಾರಲಿಲ್ಲ. ಶನಿವಾರ ಮೇಷ್ಟ್ರ ಮನೆ ನಮ್ಮದಾಯಿತು. ಇಂದಿಗೂ ನಾವು ಅಲ್ಲೇ ಇದ್ದೇವೆ. ಅವ್ವ ಈಗ ರೊಟ್ಟಿ ಬಡಿಯುವುದಿಲ್ಲ, ನಾನು ಬಡಿದದ್ದಕ್ಕೆ ಹೆಸರಿಡುತ್ತಾಳೆ.

ನೌಕರಿಯೂ ಸಿಕ್ಕಿತು, ತಡವಾಗಿ. ಆದರೆ ಎಲ್ಲಿ ಆ ಪತ್ರ ತೋರಿಸಬೇಕಾದರೂ, ಹರಿದ ಮೂಲೆಯನ್ನು ನನ್ನ ಹೆಬ್ಬೆರಳಿನಿಂದ ಮುಚ್ಚಿಯೇ ತೋರಿಸುತ್ತಿದ್ದೆ. ಕಷ್ಟಪಟ್ಟು ಗಳಿಸಿದ ಪದವಿ ಅರೆಕೊರೆ ಕಾಣಬಾರದಲ್ಲ!

ಕಳೆದ ವಾರ ಝೆರಾಕ್ಸ್ ಅಂಗಡಿಯವನು ಲ್ಯಾಮಿನೇಷನ್ನಿನ ಆಸೆ ಬಿಟ್ಟು ಪತ್ರವನ್ನು ಗಾಜಿನ ಮೇಲಿಟ್ಟ. "ಹಿಂದೆ ಏನೋ ಮಸಿ ಬಿದ್ದಿದೆ. ಅದು ಬೇಡ ತಾನೇ?"

ಇಷ್ಟು ವರ್ಷ ಮುಂಬದಿಯ ಮೂಲೆ ಮುಚ್ಚುವುದರಲ್ಲೇ ಇದ್ದ ನಾನು ಬಗ್ಗಿ ಹಿಂಬದಿ ನೋಡಿದೆ. ಬೋಳು ಕಾಗದದ ನಡುವೆ, ಮಾಸಿದ ನೇರಳೆ ಬಣ್ಣದಲ್ಲಿ, ಗೆರೆ ಗೆರೆಯಾಗಿ ಅವ್ವನ ಹೆಬ್ಬೆರಳು.

"ಎರಡೂ ಕಡೆ ತೆಗೀರಿ" ಎಂದೆ. ಹಿಂದಿನದು ಮಸುಕಾಗಿ ಬಂತು, ಗಾಢ ಮಾಡಿಸಿ ಇನ್ನೊಮ್ಮೆ ತೆಗೆಸಿದೆ.

ಕಚೇರಿಯಲ್ಲಿ ಕಡತ ಜೋಡಿಸುವ ಹುಡುಗಿ ಎರಡನೆಯ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿ, ಇದೇನು ಎಂದು ಕೇಳಿದಳು.

"ಜಾಮೀನುದಾರರ ಸಹಿ" ಎಂದೆ. "ಮೇಲೆಯೇ ಇಡಮ್ಮಾ."